ಜಗಳ ಮುಗಿದ ಮೇಲಷ್ಟೇ ಸಹಕಾರವೇ?

ಹುಬ್ಬಳ್ಳಿ–ಧಾರವಾಡದಲ್ಲಿ ಗೋವಾದೊಡನೆ ಹಂಚಿಕೊಳ್ಳಬೇಕಾದ ಮಹದಾಯಿ ನದಿಯ ಮಾತು ಎಲ್ಲಿ ಎದ್ದರೂ ಕೊನೆಗೆ ಒಂದೇ ನಿಲುವಿಗೆ ಬಂದು ನಿಲ್ಲುತ್ತದೆ. ನೆರೆರಾಜ್ಯದೊಡನೆ ಸಹಕಾರ, ಜಂಟಿ ಸಮಿತಿ, ವಲಯ ಪರಿಷತ್ತು ಇವೆಲ್ಲ ಕೂತು ಎದ್ದು ಬರುವ ಸಭೆಗಳು. ಮೊದಲು ನಮ್ಮ ಪಾಲಿನ ನೀರು ಮಲಪ್ರಭೆಗೆ ಬರಲಿ, ಮಹಾರಾಷ್ಟ್ರದೊಡನೆ ಇರುವ ಬೆಳಗಾವಿಯ ಗಡಿ ತಕರಾರು ಮುಗಿಯಲಿ, ಸಹಕಾರದ ವಿಚಾರ ಆಮೇಲೆ ನೋಡೋಣ ಎಂಬುದು ಆ ನಿಲುವು. ಇದು ಬರಿಯ ಹಟದಿಂದ ಹುಟ್ಟಿದ್ದಲ್ಲ. 1980ರ ಜುಲೈ 21ರಂದು ನರಗುಂದ–ನವಲಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ನಡೆದ ಗೋಲಿಬಾರಿನ ನೆನಪು ಅದರ ಹಿಂದಿದೆ. ಸುಮಾರು 37 ಟಿಎಂಸಿ ಅಡಿ ಹಿಡಿಯಬಲ್ಲ ನವಿಲುತೀರ್ಥದ ಜಲಾಶಯ ತುಂಬದೇ ಉಳಿದ ವರ್ಷಗಳ ಅನುಭವವಿದೆ. ವಾರಗಟ್ಟಲೆ ನಲ್ಲಿ ನೀರಿಗೆ ಕಾದ ಹುಬ್ಬಳ್ಳಿಯ ಓಣಿಗಳ ಬೇಸರವಿದೆ. ಆದ್ದರಿಂದ ಈ ನಿಲುವನ್ನು ಗೌರವದಿಂದಲೇ ಪರೀಕ್ಷಿಸಬೇಕು. ಹಾಗೆ ಪರೀಕ್ಷಿಸಿದಾಗ ನನಗೆ ಕಾಣುವುದು ಇಷ್ಟು: ಅದರ ಅಸಮಾಧಾನ ನ್ಯಾಯವಾದದ್ದು, ಅದು ಹೇಳುವ ಅನುಕ್ರಮ ಮಾತ್ರ ತಿರುವುಮುರುವಾಗಿದೆ. ರಾಜ್ಯಗಳ ನಡುವೆಯಾಗಲಿ ದೇಶಗಳ ನಡುವೆಯಾಗಲಿ ಕಾಯಂ ಸಹಕಾರ ಸಂಸ್ಥೆ ಜಗಳ ಮುಗಿದ ಮೇಲೆ ಸಿಗುವ ಬಹುಮಾನವಲ್ಲ. ಜಗಳ ಬಾಕಿ ಇರುವಾಗಲೇ ಅದು ಹೆಚ್ಚು ಬೇಕಾಗುತ್ತದೆ. ಅದು ಇಲ್ಲದಿರುವುದರಿಂದಲೇ ಉತ್ತರ ಕರ್ನಾಟಕ ಕಾಗದದಲ್ಲಿ ಗೆದ್ದ ನೀರನ್ನು ಕಾಲುವೆಯಲ್ಲಿ ಕಾಣದೆ ಕೂತಿದೆ.

ಈ ನಿಲುವಿಗೆ ಆಧಾರವಾಗಿರುವ ವಾದಗಳನ್ನು ಮೊದಲು ಅವುಗಳ ಪೂರ್ಣ ಬಲದೊಂದಿಗೆ ಇಡುವುದು ನ್ಯಾಯ. ಅವು ಮೂರು.

1. ಶಿಕ್ಷಿಸುವ, ಆಜ್ಞಾಪಿಸುವ ಅಧಿಕಾರವಿಲ್ಲದ ಸಂಸ್ಥೆಯಿಂದ ಪ್ರಯೋಜನವಿಲ್ಲ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಡಿ ಹುಟ್ಟಿದ ವಲಯ ಪರಿಷತ್ತುಗಳು ಕಾನೂನಿನ ಮಾತಿನಲ್ಲೇ ಸಲಹಾ ಮಂಡಳಿಗಳು. ಸಂವಿಧಾನದ 263ನೇ ವಿಧಿಯಡಿ 1990ರಲ್ಲಿ ರಚನೆಯಾದ ಅಂತರರಾಜ್ಯ ಪರಿಷತ್ತು 2016ರ ಜುಲೈನಲ್ಲಿ ಸೇರಿದ ಮೇಲೆ ವರ್ಷಾನುಗಟ್ಟಲೆ ಸೇರಲೇ ಇಲ್ಲ. ದೇಶದಾಚೆ ನೋಡಿದರೆ ಸಾರ್ಕ್ 2014ರ ಕಾಠ್ಮಂಡು ಶೃಂಗಸಭೆಯ ನಂತರ ಶೃಂಗಸಭೆಯನ್ನೇ ಕಂಡಿಲ್ಲ.

2. ನದಿ ಹಂಚಿಕೆಯಂಥ ವಿಷಯದಲ್ಲಿ ಒಬ್ಬರ ಲಾಭ ಇನ್ನೊಬ್ಬರ ನಷ್ಟ. ಹಾಗಿರುವಾಗ ಬೇಕಾದದ್ದು ನ್ಯಾಯನಿರ್ಣಯ. ನ್ಯಾಯಮಂಡಳಿ ಅಥವಾ ಸುಪ್ರೀಂ ಕೋರ್ಟ್ ಪಾಲು ಹೇಳಿದರೆ ಮುಗಿಯಿತು.

3. ನಿರ್ಣಯದಿಂದಲೂ ಆಗದಿದ್ದರೆ ರಾಜಕೀಯ ಇಚ್ಛಾಶಕ್ತಿಯಿಂದ ಆಗುತ್ತದೆ. ಪ್ರಧಾನಿ ಮಧ್ಯಸ್ಥಿಕೆ ವಹಿಸಿ ಮುಖ್ಯಮಂತ್ರಿಗಳನ್ನು ಕೂರಿಸಿದರೆ, ಅಥವಾ ಎಲ್ಲ ಕಡೆ ಒಂದೇ ಪಕ್ಷ ಅಧಿಕಾರದಲ್ಲಿದ್ದರೆ, ಇದು ಒಂದು ದಿನದ ಕೆಲಸ.

ಮೂರರಲ್ಲಿ ಎರಡನೆಯದೇ ಗಟ್ಟಿಯಾದದ್ದು, ಅದರಿಂದಲೇ ಆರಂಭಿಸೋಣ. ಮಹದಾಯಿಯ ವಿಷಯದಲ್ಲಿ ನಿರ್ಣಯ ಬಂದಾಗಿದೆ. ಕರ್ನಾಟಕ ಕಳಸಾ ಮತ್ತು ಬಂಡೂರಿ ಹಳ್ಳಗಳಿಂದ 7.56 ಟಿಎಂಸಿ ಅಡಿ ನೀರನ್ನು ಮಲಪ್ರಭೆಗೆ ತಿರುಗಿಸಲು ಕೇಳಿತ್ತು. 2002ರಲ್ಲಿ ಕೇಂದ್ರ ತಾತ್ವಿಕ ಒಪ್ಪಿಗೆ ಕೊಟ್ಟು, ಗೋವಾದ ಆಕ್ಷೇಪದ ನಂತರ ಅದೇ ವರ್ಷ ತಡೆಹಿಡಿಯಿತು. ನ್ಯಾಯಮಂಡಳಿ ರಚನೆಯಾದದ್ದು 2010ರ ನವೆಂಬರ್‌ನಲ್ಲಿ, ಐತೀರ್ಪು ಬಂದದ್ದು 2018ರ ಆಗಸ್ಟ್ 14ರಂದು. ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಸಿಕ್ಕಿತು. ಅದರಲ್ಲಿ 8.02 ವಿದ್ಯುತ್ ಉತ್ಪಾದನೆಗೆ ಬಳಸಿ ನದಿಗೇ ಬಿಡುವ ನೀರು. ಮಲಪ್ರಭೆಯತ್ತ ತಿರುಗಿಸಲು ಸಿಕ್ಕದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಕೂಡಿದರೆ 3.90 ಟಿಎಂಸಿ. 2020ರ ಫೆಬ್ರವರಿಯಲ್ಲಿ ಐತೀರ್ಪು ಅಧಿಸೂಚನೆಯಾಗಿ ಪ್ರಕಟವಾಯಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗ ಪರಿಷ್ಕೃತ ಯೋಜನಾ ವರದಿಗೆ ಒಪ್ಪಿಗೆ ಕೊಟ್ಟಿತು. ತೀರ್ಪು ಬಂದು ಏಳು ವರ್ಷ ಕಳೆದರೂ ಆ 3.90 ಟಿಎಂಸಿಯ ಒಂದು ಹನಿಯೂ ಮಲಪ್ರಭೆಗೆ ಬಿದ್ದಿಲ್ಲ. ಅರಣ್ಯ ಮತ್ತು ವನ್ಯಜೀವಿ ಅನುಮತಿಗಳು ಬಾಕಿ ಉಳಿದವು, ಸುಪ್ರೀಂ ಕೋರ್ಟಿನಲ್ಲಿ ಮೇಲ್ಮನವಿಗಳು ಕೂತವು, ನ್ಯಾಯಮಂಡಳಿಯ ಮುಂದೆ ಸ್ಪಷ್ಟೀಕರಣದ ಅರ್ಜಿಗಳು ಸೇರಿ ಅದರ ಅವಧಿ ಮತ್ತೆ ಮತ್ತೆ ವಿಸ್ತರಣೆಯಾಯಿತು.

ಇದಕ್ಕೆ ಯಾರ ದುರುದ್ದೇಶವನ್ನೂ ಊಹಿಸಬೇಕಿಲ್ಲ. ನಿರ್ಣಯದ ಸ್ವರೂಪವೇ ಹಾಗೆ. ನ್ಯಾಯಮಂಡಳಿ ಯಾರದು ಎಷ್ಟು ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ. ಆ ಪಾಲು ನೆಲಕ್ಕೆ ಇಳಿಯಲು ನೂರು ಬೇರೆ ಪ್ರಶ್ನೆಗಳಿಗೆ ಉತ್ತರ ಬೇಕು: ಕೊಳವೆ ಯಾವ ಕಾಡಿನ ಯಾವ ಅಂಚಿನಲ್ಲಿ ಹೋಗಬೇಕು, ಬೇಸಿಗೆಯಲ್ಲಿ ಕೆಳಗಿನ ಹರಿವನ್ನು ಯಾರು ಅಳೆಯಬೇಕು, ಅಳತೆಯ ಬಗ್ಗೆ ತಕರಾರಾದರೆ ಯಾರ ಮಾತು ನಡೆಯಬೇಕು, ಮಳೆ ಕೈಕೊಟ್ಟ ವರ್ಷ ಕೊರತೆಯನ್ನು ಹೇಗೆ ಹಂಚಬೇಕು. ಇವು ವರ್ಷವರ್ಷವೂ ಹೊಸದಾಗಿ ಏಳುವ ಪ್ರಶ್ನೆಗಳು. ಇವಕ್ಕೆ ಒಂದೇ ಸಲ ಉತ್ತರ ಬರೆದು ಮುಗಿಸಲಾಗದು. ಪ್ರತಿ ಪ್ರಶ್ನೆಗೂ ಹೊಸ ದಾವೆ ಹೂಡಿದರೆ ಪ್ರತಿ ದಾವೆಗೂ ದಶಕ ಬೇಕು. ಅಷ್ಟೇ ಅಲ್ಲ, ನಿರ್ಣಯಕ್ಕೆ ಬೇಕಾದ ಮಾಹಿತಿಯೂ ಕಾಯಂ ವ್ಯವಸ್ಥೆಯಿಂದಲೇ ಹುಟ್ಟಬೇಕು. ಮಹದಾಯಿ ಕಣಿವೆಯಲ್ಲಿ ಒಟ್ಟು ಎಷ್ಟು ನೀರಿದೆ ಎಂಬ ಮೊದಲ ಅಂಕಿಯಲ್ಲೇ ರಾಜ್ಯಗಳಿಗೆ ಒಮ್ಮತವಿರಲಿಲ್ಲ. ಗೋವಾ ಇದನ್ನು ಕೊರತೆಯ ಕಣಿವೆ ಎಂದಿತು, ಕರ್ನಾಟಕ ಸಮೃದ್ಧ ಕಣಿವೆ ಎಂದಿತು. ವರ್ಷಗಳ ವಿಚಾರಣೆಯ ನಂತರ ಮಂಡಳಿ ಒಪ್ಪಿಕೊಂಡದ್ದು ಸುಮಾರು 188 ಟಿಎಂಸಿ. ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ರಾಜ್ಯಗಳ ಎಂಜಿನಿಯರುಗಳು ಒಟ್ಟಿಗೆ ನಡೆಸುವ ಮಾಪನ ಕೇಂದ್ರಗಳು ಎರಡು ದಶಕ ಮೊದಲೇ ಇದ್ದಿದ್ದರೆ ಆ ಅಂಕಿಗೆ ಸಾಕ್ಷಿ ಹೇಳಲು ವಕೀಲರ ದಂಡು ಬೇಕಾಗುತ್ತಿರಲಿಲ್ಲ.

ಮೂರನೆಯ ವಾದಕ್ಕೆ ಬರೋಣ. ರಾಜಕೀಯ ಇಚ್ಛಾಶಕ್ತಿ ಎಂಬುದು ನಿಜವಾದ ಸಂಗತಿ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದೇ ಪಕ್ಷದ ಸರ್ಕಾರಗಳಿದ್ದರೆ ಅದು ತಾನಾಗಿ ಹುಟ್ಟುತ್ತದೆ ಎಂಬ ನಂಬಿಕೆಯನ್ನು ಚರಿತ್ರೆಯೇ ಪರೀಕ್ಷಿಸಿ ನೋಡಿದೆ. 2019ರ ಜುಲೈನಿಂದ 2023ರ ಮೇ ತನಕ ದಿಲ್ಲಿ, ಬೆಂಗಳೂರು, ಪಣಜಿ ಮೂರೂ ಕಡೆ ಒಂದೇ ಪಕ್ಷ ಆಳಿತು. ಯೋಜನಾ ವರದಿಗೆ ಒಪ್ಪಿಗೆ ಸಿಕ್ಕದ್ದು ಆ ಅವಧಿಯಲ್ಲೇ ಎಂಬುದನ್ನು ಒಪ್ಪಬೇಕು. ಅದು ಸಿಕ್ಕ ಮರುತಿಂಗಳು, 2023ರ ಜನವರಿಯಲ್ಲಿ, ಗೋವಾ ವಿಧಾನಸಭೆ ಅದನ್ನು ವಿರೋಧಿಸಿ ನಿರ್ಣಯ ಮಾಡಿತು ಎಂಬುದನ್ನೂ ಒಪ್ಪಬೇಕು. ಇದಕ್ಕೂ ಮೊದಲು, 2017ರ ಡಿಸೆಂಬರ್‌ನಲ್ಲಿ, ಗೋವಾದ ಅಂದಿನ ಮುಖ್ಯಮಂತ್ರಿ ಮನೋಹರ ಪರ್ರಿಕರ್ ಕುಡಿಯುವ ನೀರಿನ ಮಟ್ಟಿಗೆ ಮಾತುಕತೆಗೆ ಸಿದ್ಧ ಎಂದು ಬಿ.ಎಸ್. ಯಡಿಯೂರಪ್ಪನವರಿಗೆ ಪತ್ರ ಬರೆದಿದ್ದರು. ಯಡಿಯೂರಪ್ಪ ಆಗ ತಮ್ಮ ಪಕ್ಷದ ರಾಜ್ಯಾಧ್ಯಕ್ಷರು, ಮುಖ್ಯಮಂತ್ರಿಯಲ್ಲ. ಆ ಪತ್ರ ಪಕ್ಷದಿಂದ ಪಕ್ಷಕ್ಕೆ ಹೋಯಿತು, ಸರ್ಕಾರದಿಂದ ಸರ್ಕಾರಕ್ಕೆ ಹೋಗಲಿಲ್ಲ. ಅದನ್ನು ಹಿಡಿದು ಮುಂದಿನ ಹೆಜ್ಜೆ ಇಡಬೇಕಾದ ಕಚೇರಿಯೇ ಇರಲಿಲ್ಲ. ಬಾವುಟ ಒಂದೇ ಇದ್ದರೂ ಇಚ್ಛಾಶಕ್ತಿ ತಾನಾಗಿ ಹುಟ್ಟದಿರಲು ಕಾರಣ ಸರಳ. ಗೋವಾದ ಮುಖ್ಯಮಂತ್ರಿ ಉತ್ತರ ಹೇಳಬೇಕಾದದ್ದು ಸತ್ತರಿ ತಾಲ್ಲೂಕಿನ ಮತದಾರರಿಗೆ, ನಮ್ಮವರು ಉತ್ತರ ಹೇಳಬೇಕಾದದ್ದು ನರಗುಂದದ ಮತದಾರರಿಗೆ. ಪಕ್ಷದ ಬಾವುಟ ಒಂದಾದ ಮಾತ್ರಕ್ಕೆ ಮತಪೆಟ್ಟಿಗೆ ಒಂದಾಗುವುದಿಲ್ಲ. ಇಚ್ಛಾಶಕ್ತಿಯನ್ನೇ ನಂಬಿದರೆ ನಾಯಕ ಬದಲಾದಾಗಲೆಲ್ಲ ಕೆಲಸ ಮೊದಲಿನಿಂದ ಶುರುವಾಗುತ್ತದೆ. ಒಬ್ಬ ನಾಯಕನ ಒಳ್ಳೆಯ ಮನಸ್ಸನ್ನು ಮುಂದಿನ ನಾಯಕನೂ ಮುರಿಯಲಾಗದ ಕ್ರಮವನ್ನಾಗಿ ಉಳಿಸಿಕೊಳ್ಳುವುದೇ ಸಂಸ್ಥೆಯ ಕೆಲಸ.

ಮೊದಲನೆಯ ವಾದದಲ್ಲಿ, ಅಂದರೆ ಅಧಿಕಾರವಿಲ್ಲದ ಸಂಸ್ಥೆ ವ್ಯರ್ಥ ಎಂಬಲ್ಲಿ, ಎರಡು ಬೇರೆ ಸಂಗತಿಗಳು ಒಂದರಲ್ಲೊಂದು ಬೆರೆತಿವೆ. ಆಜ್ಞೆ ಮಾಡುವ ಅಧಿಕಾರ ಬೇರೆ, ನಿಯತವಾಗಿ ಸೇರಿ ನಿರ್ದಿಷ್ಟ ಕೆಲಸ ಮಾಡುವ ಹೊಣೆ ಬೇರೆ. ಎರಡನೆಯದು ಮೊದಲನೆಯದಿಲ್ಲದೆಯೂ ನಡೆಯುತ್ತದೆ. 1960ರ ಸಿಂಧೂ ಜಲ ಒಪ್ಪಂದದಡಿ ರಚನೆಯಾದ ಕಾಯಂ ಆಯೋಗದಲ್ಲಿ ಭಾರತ ಮತ್ತು ಪಾಕಿಸ್ತಾನದ ಒಬ್ಬೊಬ್ಬ ಆಯುಕ್ತರು. ಅವರು ಯಾರಿಗೂ ಆಜ್ಞೆ ಮಾಡುವಂತಿರಲಿಲ್ಲ. ವರ್ಷಕ್ಕೊಮ್ಮೆಯಾದರೂ ಸೇರಬೇಕು, ಅಂಕಿಅಂಶ ಕೊಟ್ಟು ತೆಗೆದುಕೊಳ್ಳಬೇಕು, ಸ್ಥಳ ನೋಡಬೇಕು, ಇಷ್ಟೇ. 1965, 1971, 1999ರ ಯುದ್ಧಗಳನ್ನು ದಾಟಿ ಆ ವ್ಯವಸ್ಥೆ ಉಳಿಯಿತು. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ನಂತರ, ಭಾರತ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಭಯೋತ್ಪಾದನೆಯ ಎದುರು ಯಾವ ಆಯೋಗವೂ ಅಭೇದ್ಯವಲ್ಲ ಎಂಬುದಕ್ಕೆ ಅದು ಸಾಕ್ಷಿ. ಆದರೂ ಎರಡು ಶತ್ರುದೇಶಗಳಿಗೆ ಆರು ದಶಕ ಸಾಧ್ಯವಾದ ನಿಯತ ಭೇಟಿ ಒಂದೇ ಸಂವಿಧಾನದ ಕೆಳಗಿರುವ ಎರಡು ರಾಜ್ಯಗಳಿಗೆ ಒದಗದೇ ಹೋಯಿತು ಎಂಬುದು ನಾವು ಗಂಭೀರವಾಗಿ ಯೋಚಿಸಬೇಕಾದ ಸಂಗತಿ.

ನಮ್ಮ ನಾಡಿನೊಳಗೇ ಇನ್ನೂ ಹತ್ತಿರದ ಉದಾಹರಣೆ ಇದೆ. ಹೊಸಪೇಟೆಯ ತುಂಗಭದ್ರಾ ಮಂಡಳಿ 1953ರಲ್ಲಿ ಆಂಧ್ರ ರಾಜ್ಯ ರಚನೆಯ ಹೊತ್ತಿಗೆ ಹುಟ್ಟಿತು. ಇಂದು ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣ ಮೂರೂ ಅದರಲ್ಲಿ ಪಾಲುದಾರರು. ಈ ರಾಜ್ಯಗಳಿಗೆ ಕೃಷ್ಣಾ ನೀರಿನ ಬಗ್ಗೆ ಇರುವ ತಕರಾರುಗಳು ಕಡಿಮೆಯೇನಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಬಿದ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ, ಹೊಣೆ ಯಾರದು, ದುಡ್ಡು ಯಾರದು, ಯಾವ ರಾಜ್ಯದ ತಜ್ಞರನ್ನು ಕರೆಸಬೇಕು ಎಂಬ ಚರ್ಚೆಗೆ ಹೊಸ ಸಮಿತಿ ಬೇಕಾಗಲಿಲ್ಲ. ವಾರದೊಳಗೆ ಹರಿವಿನ ನಡುವೆಯೇ ತಾತ್ಕಾಲಿಕ ಗೇಟು ಕೂತಿತು. ಗೇಟು ಹೋದದ್ದೇ ನಿರ್ವಹಣೆಯ ಲೋಪದಿಂದ ಎಂಬ ಟೀಕೆ ಬಂತು, ಆ ಟೀಕೆಯನ್ನು ಮಂಡಳಿ ಎದುರಿಸಲೇಬೇಕು. ಆದರೆ ಟೀಕೆಗೆ ಉತ್ತರ ಹೇಳಬೇಕಾದ ಒಂದು ಜಾಗ ಇದೆ ಎಂಬುದೇ ಇಲ್ಲಿ ಮುಖ್ಯ. ಹಂಚಿಕೆಯ ಪಾಲನ್ನು ಇಲ್ಲೂ ನ್ಯಾಯಮಂಡಳಿಯೇ ಹೇಳಿದೆ. ಆ ಪಾಲು ವರ್ಷವರ್ಷವೂ ಕಾಲುವೆಗೆ ಇಳಿಯುವುದು ಮಂಡಳಿಯ ಕೈಯಿಂದ. ನಿರ್ಣಯ ಮತ್ತು ಕಾಯಂ ಸಂಸ್ಥೆ ಒಂದಕ್ಕೊಂದು ಬದಲಿಯಲ್ಲ, ಒಂದಿಲ್ಲದೆ ಇನ್ನೊಂದು ಅಪೂರ್ಣ.

ಈಗ ಮೂಲ ಪ್ರಶ್ನೆ: ಗಡಿಯ ಅಥವಾ ಪಾಲಿನ ತಕರಾರು ಬಾಕಿ ಇರುವಾಗ ಸಹಕಾರ ಸಾಧ್ಯವೇ? ಜಗತ್ತಿನ ದೊಡ್ಡ ಪ್ರಾದೇಶಿಕ ಒಕ್ಕೂಟಗಳ ಹುಟ್ಟನ್ನು ನೋಡಿದರೆ ಬಹುತೇಕ ಎಲ್ಲವೂ ತಕರಾರು ಬಾಕಿ ಇರುವಾಗಲೇ ಹುಟ್ಟಿವೆ. ಇಂದಿನ ಐರೋಪ್ಯ ಒಕ್ಕೂಟದ ಬೀಜವಾದ ಕಲ್ಲಿದ್ದಲು ಮತ್ತು ಉಕ್ಕಿನ ಸಮುದಾಯಕ್ಕೆ ಫ್ರಾನ್ಸ್, ಪಶ್ಚಿಮ ಜರ್ಮನಿ ಮತ್ತು ಇತರ ನಾಲ್ಕು ದೇಶಗಳು 1951ರಲ್ಲಿ ಸಹಿ ಹಾಕಿದವು, 1952ರಲ್ಲಿ ಅದು ಜಾರಿಗೆ ಬಂತು. ಆ ಹೊತ್ತಿಗೆ ಕಲ್ಲಿದ್ದಲಿನಿಂದಲೇ ತುಂಬಿದ ಸಾರ್ ಪ್ರದೇಶ ಯಾರದು ಎಂಬ ಜಗಳ ಅದೇ ಎರಡು ದೇಶಗಳ ನಡುವೆ ಜೀವಂತವಾಗಿತ್ತು. 1955ರ ಜನಮತಗಣನೆಯ ನಂತರ 1957ರಲ್ಲಷ್ಟೇ ಸಾರ್ ಜರ್ಮನಿಗೆ ಸೇರಿತು. ಅಂದರೆ ಸಹಕಾರ ಮೊದಲು, ಗಡಿ ಆಮೇಲೆ. 1967ರಲ್ಲಿ ಬ್ಯಾಂಕಾಕಿನಲ್ಲಿ ಹುಟ್ಟಿದ ಆಸಿಯಾನ್‌ನ ಸದಸ್ಯರಲ್ಲಿ ಫಿಲಿಪ್ಪೀನ್ಸ್ ದೇಶಕ್ಕೆ ಮಲೇಷ್ಯಾದ ಸಬಾ ಪ್ರಾಂತ್ಯದ ಮೇಲೆ ಹಕ್ಕಿನ ವಾದವಿತ್ತು. ಆ ವಾದ ಇಂದಿಗೂ ಪೂರ್ತಿ ಕೈಬಿಟ್ಟಿಲ್ಲ. ಆದರೆ ಅದು ವ್ಯಾಪಾರವನ್ನೂ ನಿಯತ ಭೇಟಿಯನ್ನೂ ನಿಲ್ಲಿಸುವಷ್ಟು ದೊಡ್ಡದಾಗಿ ಉಳಿಯಲಿಲ್ಲ. ತಕರಾರು ಬಗೆಹರಿದದ್ದರಿಂದ ಅವರು ಜೊತೆಗೂಡಲಿಲ್ಲ. ಜೊತೆಗೂಡಿದ್ದರಿಂದ ತಕರಾರು ಸಣ್ಣದಾಯಿತು.

ಹಾಗಾದರೆ ಸಾರ್ಕ್ ಯಾಕೆ ಸೋತಿತು ಎಂದು ಕೇಳುವುದು ಸಹಜ. ಇದು ತೂಕದ ಆಕ್ಷೇಪ. 1985ರಲ್ಲಿ ಢಾಕಾದಲ್ಲಿ ಹುಟ್ಟಿದ ಸಾರ್ಕ್‌ನ ಎರಡನೆಯ ಶೃಂಗಸಭೆ 1986ರ ನವೆಂಬರ್‌ನಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಕಾಠ್ಮಂಡುವಿನಲ್ಲಿ ಕಾಯಂ ಸಚಿವಾಲಯ ಸ್ಥಾಪಿಸುವ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಅಲ್ಲೇ. ಕಚೇರಿ, ಸಭೆ, ಸನ್ನದು ಎಲ್ಲ ಇದ್ದೂ ಅದು ಕುಸಿಯಿತು. ಆದರೆ ಅದರ ಸನ್ನದಿನಲ್ಲಿ ಎರಡು ನಿಯಮಗಳಿವೆ: ಎಲ್ಲ ತೀರ್ಮಾನಗಳೂ ಸರ್ವಾನುಮತದಿಂದಲೇ ಆಗಬೇಕು, ದ್ವಿಪಕ್ಷೀಯ ಮತ್ತು ವಿವಾದಾಸ್ಪದ ವಿಷಯಗಳು ಚರ್ಚೆಗೆ ಬರಕೂಡದು. ಅಂದರೆ ಒಬ್ಬರು ಬೇಡವೆಂದರೆ ಎಲ್ಲ ನಿಲ್ಲುತ್ತದೆ, ನಿಲ್ಲಿಸಿದ ಕಾರಣವನ್ನು ಒಳಗೆ ಮಾತಾಡುವಂತಿಲ್ಲ. ಮೇಲಾಗಿ ಅದರ ಬಾಳು ನಿಂತದ್ದು ಶೃಂಗಸಭೆಗಳ ಮೇಲೆ. 2016ರಲ್ಲಿ ಇಸ್ಲಾಮಾಬಾದಿನ ಸಭೆ ರದ್ದಾದಾಗ ಮೇಲಿನ ಕೊಂಡಿ ಕಳಚಿ ಕೆಳಗಿನದೆಲ್ಲ ಸಡಿಲವಾಯಿತು. ಸಾರ್ಕ್‌ನ ಸೋಲು ಕಲಿಸುವುದು ಸಹಕಾರ ಸಂಸ್ಥೆ ಬೇಡ ಎಂಬ ಪಾಠವನ್ನಲ್ಲ. ನಾಯಕರ ಭೇಟಿಯನ್ನೇ ನೆಚ್ಚಿದ, ಕಷ್ಟದ ವಿಷಯವನ್ನು ಬಾಗಿಲಾಚೆ ಇಟ್ಟ ಸಂಸ್ಥೆ ಬೇಡ ಎಂಬ ಪಾಠವನ್ನು. ಎಂಜಿನಿಯರುಗಳು, ಅರಣ್ಯಾಧಿಕಾರಿಗಳು, ರೈಲ್ವೆಯವರು ತಿಂಗಳಿಗೊಮ್ಮೆ ಸೇರುವ ವ್ಯವಸ್ಥೆಗೆ ಮುಖ್ಯಮಂತ್ರಿಗಳ ಮುನಿಸು ಅಷ್ಟು ಬೇಗ ತಟ್ಟುವುದಿಲ್ಲ.

ಇಷ್ಟು ಹೇಳಿದ ಮೇಲೆ ಹುಬ್ಬಳ್ಳಿಯ ನಿಜವಾದ ಕೊರತೆಯನ್ನು ಹೆಸರಿಸಬಹುದು. ವಲಯ ಪರಿಷತ್ತುಗಳ ಕಲ್ಪನೆಯನ್ನು 1955ರ ಕೊನೆಯಲ್ಲಿ, ಭಾಷಾವಾರು ಪ್ರಾಂತಗಳ ಚರ್ಚೆಯ ಕಾವಿನಲ್ಲಿ, ಜವಾಹರಲಾಲ್ ನೆಹರೂ ಮುಂದಿಟ್ಟರು. ಭಾಷೆಯ ಗೆರೆ ಎಳೆದ ಮೇಲೂ ನೆರೆಹೊರೆಯ ರಾಜ್ಯಗಳು ಕೂಡಿ ಕೆಲಸ ಮಾಡುವ ಅಭ್ಯಾಸ ಬೆಳೆಯಲಿ ಎಂಬುದು ಅದರ ಉದ್ದೇಶ. ಆರ್ಥಿಕ ಯೋಜನೆ, ಗಡಿ ವಿವಾದ, ಭಾಷಾ ಅಲ್ಪಸಂಖ್ಯಾತರು, ಅಂತರರಾಜ್ಯ ಸಾರಿಗೆ ಎಲ್ಲವನ್ನೂ ಅವು ಚರ್ಚಿಸಬಹುದೆಂದು 1956ರ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಆ ಕಾಯ್ದೆಯ ಮೂಲರೂಪದಲ್ಲಿ ಮೈಸೂರು ರಾಜ್ಯ, ಎಂದರೆ ಇಂದಿನ ಕರ್ನಾಟಕ, ಪಶ್ಚಿಮ ವಲಯದಲ್ಲಿ ಮುಂಬಯಿಯ ಜೊತೆಗಿತ್ತು. ಆಮೇಲೆ ಅದು ದಕ್ಷಿಣ ವಲಯದಲ್ಲಿ ಸೇರಿತು. ಕಾವೇರಿ, ತುಂಗಭದ್ರೆಗಳ ದೃಷ್ಟಿಯಿಂದ, ಬೆಂಗಳೂರಿನ ದೃಷ್ಟಿಯಿಂದ ಅದು ಸರಿಯಾದ ಜಾಗವೇ. ಆದರೆ ಹುಬ್ಬಳ್ಳಿ, ಬೆಳಗಾವಿ, ಕಾರವಾರಗಳು ದಿನನಿತ್ಯ ವ್ಯವಹರಿಸುವ ಮಹಾರಾಷ್ಟ್ರ ಮತ್ತು ಗೋವಾ ಇರುವುದು ಪಶ್ಚಿಮ ವಲಯದಲ್ಲಿ. ಇದರ ಪರಿಣಾಮವನ್ನು ಯಾರೂ ಉದ್ದೇಶಿಸಿರಲಿಕ್ಕಿಲ್ಲ, ಆದರೂ ಅದು ಭಾರವಾದದ್ದು: ಕರ್ನಾಟಕದ ಎರಡು ಕಠಿಣ ಅಂತರರಾಜ್ಯ ವಿವಾದಗಳಾದ ಮಹದಾಯಿ ಮತ್ತು ಬೆಳಗಾವಿ ಗಡಿ, ಎದುರಾಳಿಗಳಿಬ್ಬರೂ ಒಂದೇ ಪರಿಷತ್ತಿನ ಸದಸ್ಯರಲ್ಲದ ವಿವಾದಗಳು. ಎರಡು ವಲಯಗಳ ಪರಿಷತ್ತುಗಳು ಜಂಟಿ ಸಭೆ ಸೇರಲು ಕಾಯ್ದೆಯ 22ನೇ ಸೆಕ್ಷನ್ ದಾರಿ ಬಿಟ್ಟಿದೆ. ಆ ದಾರಿಯಲ್ಲಿ ನಡೆಯಬೇಕೆಂಬ ಬೇಡಿಕೆಯನ್ನು ನಮ್ಮ ಹೋರಾಟಗಳು ಎತ್ತಬೇಕಿತ್ತು. 2022ರ ಡಿಸೆಂಬರ್‌ನಲ್ಲಿ ಗಡಿಯ ಉದ್ವೇಗ ಹೆಚ್ಚಿದಾಗ ಕೇಂದ್ರ ಗೃಹ ಸಚಿವರು ಕರ್ನಾಟಕ, ಮಹಾರಾಷ್ಟ್ರಗಳ ಮುಖ್ಯಮಂತ್ರಿಗಳನ್ನು ದಿಲ್ಲಿಗೆ ಕರೆಸಿ, ತಲಾ ಮೂವರು ಸಚಿವರ ಸಮಿತಿಯ ಮಾತಾಡಬೇಕಾಯಿತು. ನಿಯತವಾಗಿ ಸೇರುವ ಜಾಗವಿಲ್ಲದಿದ್ದರೆ ಬೆಂಕಿ ಹತ್ತಿದಾಗಷ್ಟೇ ಸಭೆ ನಡೆಯುತ್ತದೆ, ಹೊಗೆ ಆರಿದೊಡನೆ ಮರೆಯಾಗುತ್ತದೆ.

ಕಾಯಂ ವ್ಯವಸ್ಥೆ ಮಾಡಬಲ್ಲ ಅತಿ ಮುಖ್ಯವಾದ ಕೆಲಸ ಒಂದರ ಜೊತೆ ಇನ್ನೊಂದನ್ನು ಇಟ್ಟು ನೋಡುವುದು. ನೀರೊಂದನ್ನೇ ಹಿಡಿದರೆ ಹುಬ್ಬಳ್ಳಿಯ ಗಳಿಕೆ ಗೋವಾದ ನಷ್ಟವಾಗಿ ಕಾಣುತ್ತದೆ, ಎರಡನೆಯ ವಾದದ ಬಲವೆಲ್ಲ ಅಲ್ಲಿದೆ. ಆದರೆ ನೆರೆಹೊರೆಯ ರಾಜ್ಯಗಳ ನಡುವೆ ಇರುವುದು ನೀರೊಂದೇ ಅಲ್ಲ. ಛತ್ತೀಸಗಢದ ಕಡೆಯಿಂದ ಗೋವಾಕ್ಕೆ ವಿದ್ಯುತ್ ಒಯ್ಯುವ ಗೋವಾ–ತಮ್ನಾರ್ ಯೋಜನೆಯ ಒಂದು 400 ಕೆವಿ ಮಾರ್ಗ ಹೊರಡಬೇಕಿರುವುದು ಧಾರವಾಡದ ಪಕ್ಕದ ನರೇಂದ್ರ ಉಪಕೇಂದ್ರದಿಂದ. ಅದು ಹಾಯಬೇಕಿರುವುದು ನಮ್ಮ ಪಶ್ಚಿಮಘಟ್ಟದ ಕಾಡಿನ ಮೂಲಕ. ಕರ್ನಾಟಕ ಅದಕ್ಕೆ ಕಾಡಿನ ಕಾರಣ ಹೇಳಿ ಆಕ್ಷೇಪಿಸಿತು, ಗೋವಾ ಕಳಸಾಕ್ಕೆ ಕಾಡಿನ ಕಾರಣ ಹೇಳಿ ಆಕ್ಷೇಪಿಸಿತು. 2024ರಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿ ಕಳಸಾದ ವಿಷಯವನ್ನು ಮುಂದೂಡಿದಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಎರಡೂ ಯೋಜನೆಗಳನ್ನು ಅಕ್ಕಪಕ್ಕ ಇಟ್ಟು ಪ್ರಧಾನಿಗೆ ಪತ್ರ ಬರೆದರು. ಹಾಗೆ ಅಕ್ಕಪಕ್ಕ ಇಡುವುದು ಸರಿಯಾದ ಯೋಚನೆಯೇ, ಆದರೆ ಅದು ದೂರಿನ ಪತ್ರವಾಗಿ ದಿಲ್ಲಿಗೆ ಹೋಗಬೇಕಾಯಿತು. ತಿನೈಘಾಟ–ಕ್ಯಾಸಲ್‌ರಾಕ್–ಕುಳೆ ಜೋಡಿ ಹಳಿಯ ಪ್ರಶ್ನೆಯೂ ಹಾಗೆಯೇ. 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಅದರ ವನ್ಯಜೀವಿ ಅನುಮತಿಯನ್ನು ರದ್ದುಪಡಿಸಿತು. ನೀರು, ವಿದ್ಯುತ್, ರೈಲು ಮೂರೂ ಒಂದೇ ಘಟ್ಟವನ್ನು, ಒಂದೇ ಕಾಡನ್ನು ಹಾಯಬೇಕು. ಮೂರರ ಕಡತಗಳೂ ಮೂರು ಕಚೇರಿಗಳಲ್ಲಿ, ಮೂರು ದಾವೆಗಳಲ್ಲಿ ಬೇರೆಬೇರೆ ಇವೆ. ಈ ಕಾಡು ಒಟ್ಟಾರೆ ಎಷ್ಟು ಭಾರ ತಾಳಬಲ್ಲದು, ಅದರೊಳಗೆ ಯಾವುದಕ್ಕೆ ಮೊದಲ ಜಾಗ ಎಂದು ಎರಡೂ ಸರ್ಕಾರಗಳು ಕೂಡಿ ಕೇಳಿಕೊಂಡಿದ್ದರೆ ಕಾಡಿಗೂ ಹೆಚ್ಚು ನ್ಯಾಯ ಸಿಗುತ್ತಿತ್ತು, ಕುಡಿಯುವ ನೀರಿಗೂ.

ಈ ಘಟ್ಟದ ದಾರಿಗೆ ಹಳೆಯ ಚರಿತ್ರೆಯೂ ಇದೆ. ಹುಬ್ಬಳ್ಳಿಯಿಂದ ಮರ್ಮಗೋವಾ ಬಂದರಿಗೆ ಹೋಗುವ ಹಳಿ 1880ರ ದಶಕದಲ್ಲಿ ಬಂದದ್ದು 1878ರ ಆಂಗ್ಲೋ–ಪೋರ್ಚುಗೀಸ್ ಒಪ್ಪಂದದ ಫಲವಾಗಿ. ಆ ಒಪ್ಪಂದ ಬ್ರಿಟಿಷ್ ಭಾರತಕ್ಕೂ ಗೋವಾಕ್ಕೂ ಒಂದೇ ಸುಂಕದ ವ್ಯವಸ್ಥೆ ತಂದಿತು. ಧಾರವಾಡ ಸೀಮೆಯ ಹತ್ತಿಗೆ ಹತ್ತಿರದ ಬಂದರು ತೆರೆಯಿತು. ಆದರೆ ಗೋವಾದ ಉಪ್ಪಿನ ನಿಯಂತ್ರಣವನ್ನು ಬ್ರಿಟಿಷರು ಕೈಗೆ ತೆಗೆದುಕೊಂಡು ಬದಲಿಗೆ ಪೋರ್ಚುಗೀಸ್ ಸರ್ಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ ಕೊಟ್ಟರು. ಸರ್ಕಾರಕ್ಕೆ ದುಡ್ಡು ಬಂತು, ಉಪ್ಪು ಬೆಳೆಯುವವರ ಬದುಕು ಕೆಟ್ಟಿತು. 1892ರಲ್ಲಿ ಒಪ್ಪಂದ ಮುಗಿದುಹೋಯಿತು, ನವೀಕರಣವಾಗಲಿಲ್ಲ. ಇದರಿಂದ ತಿಳಿಯುವುದು ಎರಡು. ಸಹಕಾರ ಹಾಕಿದ ಹಳಿ ಒಪ್ಪಂದ ಸತ್ತ ಮೇಲೂ ಉಳಿಯುತ್ತದೆ. ಮತ್ತು ದೊಡ್ಡ ನೆರೆ ಸಣ್ಣ ನೆರೆಯ ದುರ್ಬಲರನ್ನು ಕೇಳದೆ ಮಾಡಿಕೊಂಡ ಸಹಕಾರ ಬಾಳುವುದಿಲ್ಲ. ಕರ್ನಾಟಕದ ಎದುರು ಗೋವಾ ಸಣ್ಣ ರಾಜ್ಯ. ಅದರ ಭಯವನ್ನು ಬರಿಯ ರಾಜಕೀಯವೆಂದು ತಳ್ಳಿಹಾಕುವುದು ನಮ್ಮ ಕಡೆಯ ತಪ್ಪು. ಬೇಸಿಗೆಯಲ್ಲಿ ಮಾಂಡೋವಿಯ, ಎಂದರೆ ಗೋವಾದೊಳಗಿನ ಮಹದಾಯಿಯ, ಹರಿವು ಇಳಿದರೆ ಸಮುದ್ರದ ಉಪ್ಪುನೀರು ಮೇಲೇರುತ್ತದೆಂಬುದು ಅಲ್ಲಿನ ಮೀನುಗಾರರ, ತೋಟದವರ ನಿಜವಾದ ಆತಂಕ. ಅದಕ್ಕೆ ಉತ್ತರ ಇಬ್ಬರೂ ನಂಬುವ ಅಳತೆಯೇ ಹೊರತು ಘೋಷಣೆಯಲ್ಲ.

ಇನ್ನು ಉಳಿದ ಎರಡು ಆಕ್ಷೇಪಗಳು. ಒಂದು: ಮಾತುಕತೆಗೆ ಕೂತರೆ ತೀರ್ಪಿನಿಂದ ಗೆದ್ದ 3.90 ಟಿಎಂಸಿಯೇ ಮತ್ತೆ ಚೌಕಾಸಿಗೆ ಬೀಳುತ್ತದೆ. ಈ ಭಯ ಸರಿಯಾದದ್ದು, ಆದ್ದರಿಂದ ನಿಯಮ ಸ್ಪಷ್ಟವಾಗಿರಬೇಕು: ಪಾಲಿನ ಪ್ರಮಾಣ ಕಾರ್ಯಸೂಚಿಯಲ್ಲಿ ಇರಕೂಡದು, ಪಾಲನ್ನು ಜಾರಿಗೆ ತರುವ ದಾರಿ ಮಾತ್ರ ಇರಬೇಕು. ಎರಡು: ಸಭೆ ಎಂಬುದು ವಿಳಂಬಕ್ಕೆ ಮರ್ಯಾದೆಯ ಹೆಸರು. ಗಡುವಿಲ್ಲದ ಸಭೆಯ ಬಗ್ಗೆ ಇದು ನಿಜ. ಆದರೆ 2002ರಿಂದ ಈಚಿನ ವಿಳಂಬ ಆದದ್ದು ಸಭೆಗಳಿಂದಲ್ಲ, ಸಭೆಗಳ ಅಭಾವದಲ್ಲಿ. ಕಾವೇರಿಯನ್ನೇ ನೋಡಿ. 2018ರಲ್ಲಿ ನಿರ್ವಹಣಾ ಪ್ರಾಧಿಕಾರ ಬಂದ ಮೇಲೂ ಬರದ ವರ್ಷ ಕರ್ನಾಟಕಕ್ಕೂ ತಮಿಳುನಾಡಿಗೂ ಜಗಳ ಆಗುತ್ತದೆ, 2023ರಲ್ಲಿ ಬಂದ್‌ಗಳೂ ಆದವು. ಆದರೆ ಎಷ್ಟು ಮಳೆ, ಎಷ್ಟು ಒಳಹರಿವು, ಎಷ್ಟು ಕೊರತೆ ಎಂಬ ಲೆಕ್ಕವನ್ನು ಇಟ್ಟು ವಾದಿಸಲು ಒಂದು ಜಾಗವಿದೆ, ಮುಂದಿನ ಸಭೆಯ ದಿನಾಂಕವಿದೆ. ಹಾಗೆಯೇ 2019ರ ಆಗಸ್ಟ್‌ನಲ್ಲಿ ಸಾಂಗ್ಲಿ, ಕೊಲ್ಹಾಪುರ, ಬೆಳಗಾವಿ, ಬಾಗಲಕೋಟೆಗಳು ಮುಳುಗಿದಾಗ ಆಲಮಟ್ಟಿಯ ಹಿನ್ನೀರಿನ ಬಗ್ಗೆ ಆರೋಪ ಪ್ರತ್ಯಾರೋಪಗಳೆದ್ದವು. 2021ರಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡೂ ಕೂತು ಹರಿವಿನ ಮಾಹಿತಿ ಹಂಚಿಕೊಳ್ಳಲು ಒಪ್ಪಿದವು. ಗಡಿಯ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಬಾಕಿ ಇರುವಾಗಲೇ ಇದು ಸಾಧ್ಯವಾಯಿತು.

ಹಾಗಾದರೆ ಏನು ಮಾಡಬೇಕು? ಹೊಸದಾಗಿ ಕಟ್ಟಬೇಕಾದದ್ದು ಕಡಿಮೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಸಂಪುಟ ಮಹದಾಯಿ ಪ್ರವಾಹ್ ಎಂಬ ಪ್ರಾಧಿಕಾರಕ್ಕೆ ಒಪ್ಪಿಗೆ ಕೊಟ್ಟಿತು, ಮೂರೂ ರಾಜ್ಯಗಳು ಅದರಲ್ಲಿವೆ. ನಮ್ಮಲ್ಲಿ ಅದನ್ನು ಅನುಮಾನದಿಂದ ನೋಡಿದವರೇ ಹೆಚ್ಚು. ಅದನ್ನು ಬಲಪಡಿಸುವುದೇ ನಮ್ಮ ಹಿತ ಎಂಬುದು ಈವರೆಗಿನ ವಾದದ ಸಾರ. ಅದಕ್ಕಾಗಿ ಹುಬ್ಬಳ್ಳಿ–ಧಾರವಾಡದ ಹೋರಾಟಗಾರರು, ಜನಪ್ರತಿನಿಧಿಗಳು, ವ್ಯಾಪಾರಿ ಸಂಘಗಳು ಕೇಳಬೇಕಾದದ್ದು ನಾಲ್ಕು.

1. ಪ್ರವಾಹ್ ಜಂಟಿ ಮಾಪನ ನಡೆಸಿ, ಹರಿವಿನ ದಿನನಿತ್ಯದ ಅಂಕಿಗಳನ್ನು ಕನ್ನಡ, ಕೊಂಕಣಿ, ಮರಾಠಿಗಳಲ್ಲಿ ಸಾರ್ವಜನಿಕವಾಗಿ ಪ್ರಕಟಿಸಬೇಕು.

2. ಸೆಕ್ಷನ್ 22ರಡಿ ದಕ್ಷಿಣ ಮತ್ತು ಪಶ್ಚಿಮ ವಲಯ ಪರಿಷತ್ತುಗಳ ಜಂಟಿ ಸಭೆ ವರ್ಷಕ್ಕೊಮ್ಮೆಯಾದರೂ ಸೇರಬೇಕು. ಅದರ ಕೆಳಗೆ ಕರ್ನಾಟಕ, ಮಹಾರಾಷ್ಟ್ರ, ಗೋವಾಗಳ ಅಧಿಕಾರಿಗಳ ಕಾಯಂ ಸಮಿತಿ ಇರಬೇಕು.

3. ಆ ಸಮಿತಿಯ ಮುಂದೆ ನೀರು, ವಿದ್ಯುತ್ ಮಾರ್ಗ, ರೈಲು, ಅರಣ್ಯ ನಾಲ್ಕೂ ಒಟ್ಟಿಗೆ ಬರಬೇಕು. ಪ್ರತಿ ವಿಷಯಕ್ಕೂ ಗಡುವು ಇರಬೇಕು, ಗಡುವು ಮೀರಿದರೆ ಕಾರಣ ಬರಹದಲ್ಲಿ ಪ್ರಕಟವಾಗಬೇಕು.

4. ನೀರಿನ ಬಳಕೆದಾರರಾದ ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆಗೂ ಮಲಪ್ರಭಾ ಅಚ್ಚುಕಟ್ಟಿನ ರೈತರಿಗೂ, ಹಾಗೆಯೇ ಗೋವಾದ ನದಿತೀರದ ಪಂಚಾಯತಿಗಳಿಗೂ ಅಲ್ಲಿ ಮಾತಿನ ಹಕ್ಕು ಇರಬೇಕು.

ಇವು ನೀರಿನ ಹಕ್ಕನ್ನು ಬಿಟ್ಟುಕೊಡುವ ಬೇಡಿಕೆಗಳಲ್ಲ, ಹಕ್ಕನ್ನು ನೀರಾಗಿಸುವ ಬೇಡಿಕೆಗಳು. ಹೋರಾಟ ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ. ನರಗುಂದದ ರೈತರು ವರ್ಷಗಟ್ಟಲೆ ಧರಣಿ ಕೂರದಿದ್ದರೆ ಈ ಪ್ರಶ್ನೆ ಯಾವ ಕಾರ್ಯಸೂಚಿಗೂ ಬರುತ್ತಿರಲಿಲ್ಲ. ಆದರೆ ಹೋರಾಟದ ಬೇಡಿಕೆ ತೀರ್ಪಿಗೆ, ಮಧ್ಯಸ್ಥಿಕೆಗೆ ಬಂದು ನಿಂತುಬಿಟ್ಟರೆ ಅದರ ಫಲ ಇನ್ನೊಬ್ಬರ ಮರ್ಜಿಯಲ್ಲಿ ಉಳಿಯುತ್ತದೆ. ನದಿ ಬೇರೆ ಕಡೆ ಸರಿಯುವುದಿಲ್ಲ, ನೆರೆಯವರೂ ಸರಿಯುವುದಿಲ್ಲ. ಇನ್ನು ಐವತ್ತು ವರ್ಷವೂ ಇದೇ ಗೋವಾದ ಜೊತೆ, ಇದೇ ಮಹಾರಾಷ್ಟ್ರದ ಜೊತೆ ನಾವು ಬಾಳಬೇಕು. ಹಾಗಿರುವಾಗ ಕೂಡಿ ಕೆಲಸ ಮಾಡುವ ಕಾಯಂ ಸಂಸ್ಥೆಯನ್ನು ಕೇಳುವುದು ಮೆತ್ತಗಿನವರ ರಾಜಿಯಲ್ಲ. ಹುಬ್ಬಳ್ಳಿಯ ಮುಂದಿನ ಧರಣಿಯ ಮೊದಲ ಬೇಡಿಕೆಯೇ ಅದಾಗಬೇಕು.